ಥಿಯರಿಯನ್ನೂ ಹಾಡಿ ಕಲಿಯಿರಿ: ಕೊಡಗಿನಿಂದ ಸಂಗೀತ ಕಾಲೇಜಿಗೆ ಹೊರಟವರಿಗೆ

ಪಿಯುಸಿ ಫಲಿತಾಂಶ ಬಂದ ವಾರ ನನಗೆ ಫೋನ್ ಜಾಸ್ತಿ. "ಮೇಡಂ, ಮಗಳು ಸಂಗೀತದಲ್ಲೇ ಡಿಗ್ರಿ ಮಾಡ್ತೀನಿ ಅಂತ ಹಠ ಹಿಡಿದಿದ್ದಾಳೆ. ಕಳಿಸಬಹುದಾ?" ಅಂತ ಕೇಳುತ್ತಾರೆ. ಕೇಳುವವರಲ್ಲಿ ಕಾಫಿ ತೋಟದವರಿದ್ದಾರೆ, ಅಂಗಡಿ ಇಟ್ಟವರಿದ್ದಾರೆ, ಶಾಲೆ ಮೇಷ್ಟ್ರುಗಳಿದ್ದಾರೆ. ಕಳಿಸಿ ಅಂತಲೇ ನಾನು ಹೇಳುವುದು. ಆದರೆ ಸುಮ್ನೆ ಕಳಿಸಬೇಡಿ, ತಯಾರು ಮಾಡಿ ಕಳಿಸಿ.

ನಾನು ಶನಿವಾರಸಂತೆ ಕಡೆಯವಳು. ಮೈಸೂರಿನಲ್ಲಿ ಪಿಟೀಲು ತೆಗೆದುಕೊಂಡು ಓದಿದೆ. ಈಗ ಮಡಿಕೇರಿಯಲ್ಲಿ ಮಕ್ಕಳಿಗೆ ಪಿಟೀಲು, ಹಾಡುಗಾರಿಕೆ ಹೇಳಿಕೊಡುತ್ತೇನೆ. ಕ್ಲಾಸಿಗೆ ಮೂರ್ನಾಡು, ನಾಪೋಕ್ಲು, ಸುಂಟಿಕೊಪ್ಪದಿಂದೆಲ್ಲ ಬರುತ್ತಾರೆ. ಅವರಲ್ಲಿ ಕೆಲವರು ಸಂಗೀತ ಕಾಲೇಜು ಸೇರಿದ್ದಾರೆ. ಅವರಿಗೆ ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಕಲಿತದ್ದು ಕರ್ನಾಟಕ ಸಂಗೀತ, ಹಾಗಾಗಿ ಉದಾಹರಣೆಗಳೂ ಅಲ್ಲಿಂದಲೇ ಬರುತ್ತವೆ.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನ ಟೈಮ್‌ಟೇಬಲ್‌ನಲ್ಲಿ ಥಿಯರಿ ಬೇರೆ, ಪ್ರಾಕ್ಟಿಕಲ್ ಬೇರೆ ಇರುತ್ತದೆ. ಹುಡುಗರು ಹಾಗೇ ಓದಲು ಶುರು ಮಾಡುತ್ತಾರೆ. ಬೆಳಿಗ್ಗೆ ವಾದ್ಯ, ರಾತ್ರಿ ನೋಟ್ಸ್. ಎರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ. ನೀವು ಹಾಗೆ ಮಾಡಬೇಡಿ. ಥಿಯರಿ ಪುಸ್ತಕದ ಪ್ರತಿ ಸಾಲನ್ನೂ ಗಂಟಲಿಗೋ ಬೆರಳಿಗೋ ತನ್ನಿ. ಹಾಡಲು ಬಾರದ ಲಕ್ಷಣ, ಅಂದರೆ ರಾಗ-ತಾಳಗಳ ವಿವರಣೆ, ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗುತ್ತದೆ.

ಎಲ್ಲಿ ಸೇರುವುದು

ದಾರಿ ಎರಡಿವೆ. ಬಿ.ಎ.ಯಲ್ಲಿ ಸಂಗೀತವನ್ನು ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಜೊತೆಗೆ ಕನ್ನಡವೋ ಇತಿಹಾಸವೋ ಇರುತ್ತದೆ. ಇಲ್ಲದಿದ್ದರೆ ಬಿ.ಪಿ.ಎ., ಅಂದರೆ ಪ್ರದರ್ಶಕ ಕಲೆಗಳ ಪದವಿ. ಅದರಲ್ಲಿ ದಿನದ ಬಹುಪಾಲು ಸಂಗೀತವೇ. ವೇದಿಕೆ ಮೇಲೆ ಕೂರಲೇಬೇಕು ಅನ್ನುವವರು ಬಿ.ಪಿ.ಎ. ಕಡೆ ಹೋಗಿ. ಮುಂದೆ ಬೇರೆ ವಿಷಯವನ್ನೂ ಕಲಿಸುವ ಯೋಚನೆ ಇದ್ದರೆ ಬಿ.ಎ. ಒಳ್ಳೆಯದು.

ನಮಗೆ ಹತ್ತಿರವಾಗುವುದು ಮೈಸೂರು. ಮಡಿಕೇರಿಯಿಂದ ಸುಮಾರು 120 ಕಿ.ಮೀ. ರೈಲಿಲ್ಲ, ಬಸ್ಸೇ ಗತಿ. ಮಾನಸಗಂಗೋತ್ರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಲಲಿತಕಲಾ ಕಾಲೇಜಿದೆ. ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವೂ ಮೈಸೂರಿನಲ್ಲೇ ಇದೆ. ಹಿಂದೂಸ್ತಾನಿ ಕಲಿಯಬೇಕೆಂಬ ಆಸೆ ಇದ್ದವರು ಧಾರವಾಡದ ಕಡೆಯೂ ನೋಡಬೇಕು. ಅಲ್ಲಿನ ಗಾಳಿಯಲ್ಲೇ ಆ ಸಂಗೀತ ಇದೆ.

ಅರ್ಜಿ ಹಾಕುವ ಮುಂಚೆ ಒಮ್ಮೆ ಖುದ್ದಾಗಿ ಹೋಗಿ ಬನ್ನಿ. ಕಟ್ಟಡ ನೋಡುವುದಕ್ಕಲ್ಲ. ನಿಮ್ಮ ವಾದ್ಯಕ್ಕೆ ಕಾಯಂ ಅಧ್ಯಾಪಕರಿದ್ದಾರಾ, ಅತಿಥಿ ಉಪನ್ಯಾಸಕರಾ ಅಂತ ಕೇಳಿ. ಒಂದು ಪ್ರಾಕ್ಟಿಕಲ್ ತರಗತಿಯಲ್ಲಿ ಎಷ್ಟು ಜನ ಕೂರುತ್ತಾರೆ, ತರಗತಿ ಮುಗಿದ ಮೇಲೆ ಅಭ್ಯಾಸಕ್ಕೆ ಕೋಣೆ ಸಿಗುತ್ತದಾ, ಹಾಸ್ಟೆಲ್‌ನಲ್ಲಿ ವಾದ್ಯ ನುಡಿಸಲು ಬಿಡುತ್ತಾರಾ, ಇದೂ ಗೊತ್ತಾಗಬೇಕು. ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಸೇರಿದ ಮೇಲೆ ಎಲ್ಲರೂ ಪರದಾಡುವುದು ಅದಕ್ಕೇ. ಕಾರಿಡಾರ್‌ನಲ್ಲಿ ಸಿಗುವ ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಮಾತನಾಡಿಸಿ. ಕಚೇರಿಯ ಹಾಳೆಯಲ್ಲಿ ಇಲ್ಲದ್ದನ್ನು ಅವರು ಹೇಳುತ್ತಾರೆ.

ದಾಖಲೆಗಳ ವಿಷಯ ಹೆಚ್ಚಿಲ್ಲ. ಅಂಕಪಟ್ಟಿ, ಟಿ.ಸಿ., ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಆದಾಯ ಪ್ರಮಾಣಪತ್ರ ಮಳೆಗಾಲಕ್ಕೆ ಮುಂಚೆ ಮಾಡಿಸಿಟ್ಟುಕೊಳ್ಳಿ, ಆಮೇಲೆ ಕರೆಂಟಿಲ್ಲ, ಸರ್ವರ್ ಇಲ್ಲ ಅಂತ ಓಡಾಟ ಆಗುತ್ತದೆ. ಕೇಂದ್ರ ಸಂಸ್ಕೃತಿ ಸಚಿವಾಲಯವು 18ರಿಂದ 25 ವರ್ಷದ ಯುವ ಕಲಾವಿದರಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಅದರ ಮೇಲೂ ಕಣ್ಣಿಡಿ.

ಸೇರುವ ಮುಂಚಿನ ವರ್ಷ

ಪ್ರವೇಶದ ಸಮಯದಲ್ಲಿ ಹಾಡಿಸುತ್ತಾರೆ, ನುಡಿಸಲು ಹೇಳುತ್ತಾರೆ. ಅಲ್ಲಿಗೆ ಬರುವ ಮಕ್ಕಳು ದೊಡ್ಡ ದೊಡ್ಡ ಕೃತಿ ಹಿಡಿದುಕೊಂಡು ಬರುತ್ತಾರೆ. ಕಿವಿಯುಳ್ಳ ಮೇಷ್ಟ್ರು ಕೃತಿಯ ಗಾತ್ರ ನೋಡುವುದಿಲ್ಲ. ಶ್ರುತಿ ನಿಂತಿದೆಯಾ, ತಾಳ ಓಡುತ್ತಿದೆಯಾ ಅಂತ ನೋಡುತ್ತಾರೆ. ಹತ್ತು ಕೃತಿ ಅರ್ಧಂಬರ್ಧ ಬರುವುದಕ್ಕಿಂತ ಎರಡು ಪೂರ್ತಿಯಾಗಿ ಬರಲಿ. ಜೊತೆಗೆ ಒಂದು ವರ್ಣ (ಸಂಗೀತ ಕಛೇರಿಯ ಮೊದಲಿಗೆ ಹಾಡುವ ರಚನೆ) ಎರಡು ಕಾಲದಲ್ಲಿ, ಅಂದರೆ ಎರಡು ವೇಗದಲ್ಲಿ. ಅಲಂಕಾರಗಳು (ತಾಳಕ್ಕೆ ಕೂರಿಸಿದ ಸ್ವರದ ಪಾಠಗಳು) ಮೂರು ಕಾಲದಲ್ಲಿ. ಅಲಂಕಾರವನ್ನು ಮಾಯಾಮಾಳವಗೌಳ ರಾಗದಲ್ಲಿ ಮಾತ್ರ ಅಲ್ಲ, ಕಲ್ಯಾಣಿ, ಶಂಕರಾಭರಣ, ಖರಹರಪ್ರಿಯದಲ್ಲೂ ಹಾಡಿ ರೂಢಿ ಮಾಡಿಕೊಳ್ಳಿ. ರಾಜ್ಯದ ಜೂನಿಯರ್, ಸೀನಿಯರ್ ಪರೀಕ್ಷೆ ಮುಗಿಸಿದ್ದರೆ ಒಳ್ಳೆಯದೇ. ಆದರೆ ಆ ಸರ್ಟಿಫಿಕೇಟ್ ಇದೆ ಅಂತ ಅಲಂಕಾರ ಬಿಡಬೇಡಿ.

ಶ್ರುತಿ ಪರೀಕ್ಷೆ ಮನೆಯಲ್ಲೇ ಮಾಡಿಕೊಳ್ಳಬಹುದು. ತಂಬೂರಿ ಆ್ಯಪ್ ಹಾಕಿ, ಷಡ್ಜ, ಅಂದರೆ 'ಸ', ಹಿಡಿಯಿರಿ. ಆಮೇಲೆ ತಂಬೂರಿ ನಿಲ್ಲಿಸಿ ವರ್ಣದ ಪಲ್ಲವಿ, ಅನುಪಲ್ಲವಿ ಹಾಡಿ. ಮುಗಿದ ಕೂಡಲೇ ಮತ್ತೆ ತಂಬೂರಿ ಹಾಕಿ. ನಿಮ್ಮ ಷಡ್ಜ ಅದೇ ಜಾಗದಲ್ಲಿದೆಯಾ? ಹೆಚ್ಚಿನವರದು ಸ್ವಲ್ಪ ಕೆಳಗಿಳಿದಿರುತ್ತದೆ. ಎಲ್ಲಿ ಇಳಿಯಿತು ಅಂತ ಹುಡುಕಬೇಕು. ಸಾಮಾನ್ಯವಾಗಿ ಮೇಲಿನ ಸ್ಥಾಯಿಯಿಂದ ಇಳಿಯುವಾಗ, ಇಲ್ಲವೇ ಉಸಿರು ಮುಗಿಯುತ್ತ ಬಂದ ಸಾಲಿನಲ್ಲಿ. ಆ ಸಾಲೊಂದನ್ನೇ ತೆಗೆದು ತಂಬೂರಿಯ ಜೊತೆ ನಿಧಾನವಾಗಿ ಹಾಡಿ. ಇಡೀ ವರ್ಣವನ್ನು ಮತ್ತೆ ಮತ್ತೆ ಹಾಡಿದರೆ ತಪ್ಪು ಗಟ್ಟಿಯಾಗುತ್ತದೆ ಅಷ್ಟೇ.

ನಿಮ್ಮ ಶ್ರುತಿ ಯಾವುದು ಅನ್ನುವುದೂ ಮೊದಲೇ ನಿರ್ಧಾರ ಆಗಿರಲಿ. ಹೆಣ್ಣುಮಕ್ಕಳಿಗೆ ಹಾರ್ಮೋನಿಯಂನ ಐದು ಮನೆಯ (ಐದನೇ ಬಿಳಿ ಕೀಲಿಯ) ಆಸುಪಾಸು, ಗಂಡುಮಕ್ಕಳಿಗೆ ಒಂದರಿಂದ ಒಂದೂವರೆ ಮನೆ ಸಾಮಾನ್ಯ. ಕೆಳಗಿನ ಪಂಚಮವೂ (ಪ) ಮೇಲಿನ ಪಂಚಮವೂ ಒತ್ತಡವಿಲ್ಲದೆ ಬರುವ ಜಾಗ ನಿಮ್ಮದು. ಗಂಟಲು ಒಡೆಯುತ್ತಿರುವ ಹುಡುಗರಿಗೆ ಒಂದು ಕಳಕಳಿಯ ಮಾತು: ಈ ಸಮಯದಲ್ಲಿ ಕೂಗಿ ಹಾಡಬೇಡಿ. ಶ್ರುತಿ ಇಳಿಸಿ, ಮೆಲ್ಲಗೆ ಹಾಡಿ, ಗಂಟಲು ನಿಲ್ಲುವವರೆಗೆ ತಾಳದ ಮೇಲೆ ಜಾಸ್ತಿ ಕೆಲಸ ಮಾಡಿ.

ಗುರುಗಳು ದೂರ ಅನ್ನುವುದು ನಮ್ಮ ಜಿಲ್ಲೆಯ ದೊಡ್ಡ ಕಷ್ಟ. ವಾರಕ್ಕೊಮ್ಮೆ ಕ್ಲಾಸಿಗೆ ಬರಲು ಮಕ್ಕಳು ಅರ್ಧ ದಿನ ಬಸ್ಸಿನಲ್ಲಿ ಕಳೆಯುತ್ತಾರೆ. ಆ ಹೊತ್ತನ್ನು ತಾಳಕ್ಕೆ ಇಡಿ. ಮಡಿಕೇರಿಯಿಂದ ಕುಶಾಲನಗರ ಇಳಿಯುವ ತಿರುವುಗಳಲ್ಲಿ ಪುಸ್ತಕ ಓದಿದರೆ ತಲೆ ಸುತ್ತುತ್ತದೆ, ತೊಡೆಯ ಮೇಲೆ ತಾಳ ಹಾಕಲು ಏನೂ ಅಡ್ಡಿಯಿಲ್ಲ. ಎಂಟು ಎಣಿಕೆಯ ಆದಿತಾಳ ಹಾಕುತ್ತ ಅಕ್ಷರಕ್ಕೆ, ಅಂದರೆ ಒಂದು ಎಣಿಕೆಗೆ, ನಾಲ್ಕು, ಆಮೇಲೆ ಮೂರು, ಆಮೇಲೆ ಐದು ಹೇಳಿಕೊಳ್ಳಿ. ಕೈ ಬದಲಾಗಬಾರದು, ಬಾಯಿ ಮಾತ್ರ ಬದಲಾಗಬೇಕು. ಬಸ್ಸು ಕುಲುಕಿದರೂ ಕೈ ನಿಂತರೆ ನಿಮ್ಮ ಲಯ ಗಟ್ಟಿ.

ಆನ್‌ಲೈನ್ ಕ್ಲಾಸ್ ಬಗ್ಗೆ ಕೇಳುತ್ತಾರೆ. ಪಾಠ ಹೇಳಿಸಿಕೊಳ್ಳಲು, ತಪ್ಪು ತಿದ್ದಿಸಿಕೊಳ್ಳಲು ಆಗುತ್ತದೆ. ಗುರುಗಳ ಜೊತೆ ಒಟ್ಟಿಗೆ ಹಾಡಲು ಆಗುವುದಿಲ್ಲ, ದನಿ ತಡವಾಗಿ ತಲುಪುತ್ತದೆ. ಒಟ್ಟಿಗೆ ಹಾಡದೆ ಗಮಕ (ಸ್ವರದ ತೂಗಾಟ) ಕೂರುವುದಿಲ್ಲ. ಹಾಗಾಗಿ ತಿಂಗಳಿಗೆ ಒಮ್ಮೆಯಾದರೂ ಎದುರು ಕೂರಿ.

ಮಳೆಗಾಲ ಮತ್ತು ವಾದ್ಯ

ಮೈಸೂರಿನ ಅಂಗಡಿಯವರು ಇದನ್ನು ಹೇಳುವುದಿಲ್ಲ, ಅವರಿಗೆ ನಮ್ಮ ಮಳೆ ಗೊತ್ತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ವಾದ್ಯವೂ ಮರ, ಚರ್ಮ, ತಂತಿಯೇ ಅಲ್ವಾ?

ತಂತಿ ಬಿಗಿಯುವ ಪಿಟೀಲಿನ ಬಿರಡೆ ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗುತ್ತದೆ. ಬಲ ಹಾಕಿ ತಿರುಗಿಸಿದರೆ ಮುರಿಯುತ್ತದೆ. ಅದೇ ವಾದ್ಯ ಮೈಸೂರಿನ ಮಾರ್ಚ್ ತಿಂಗಳ ಬಿಸಿಲಿಗೆ ಹೋದರೆ ಬಿರಡೆ ಕುಗ್ಗಿ ಜಾರುತ್ತದೆ, ಶ್ರುತಿ ನಿಲ್ಲುವುದಿಲ್ಲ. ಊರಿಂದ ಹಾಸ್ಟೆಲ್‌ಗೆ ಹೋದ ಮೊದಲ ವಾರ ಇದು ಆಗಿಯೇ ಆಗುತ್ತದೆ, ಗಾಬರಿ ಬೇಡ. ಬಿರಡೆ ತೆಗೆದು ಸ್ವಲ್ಪ ಸೀಮೆಸುಣ್ಣ ಸವರಿ, ಒಳಕ್ಕೆ ಒತ್ತುತ್ತ ತಿರುಗಿಸಿ. ಒಂದೊಂದೇ ಬಿರಡೆ ತೆಗೆಯಿರಿ. ನಾಲ್ಕೂ ತಂತಿ ಒಟ್ಟಿಗೆ ಸಡಿಲಿಸಿದರೆ ಕುದುರೆ (ತಂತಿ ಹೊರುವ ಮರದ ತುಂಡು) ಬೀಳುತ್ತದೆ, ಒಳಗಿನ ಕಡ್ಡಿಯೂ ಬಿದ್ದುಹೋಗಬಹುದು.

ನುಡಿಸಿ ಮುಗಿದ ಮೇಲೆ ಒಣ ಬಟ್ಟೆಯಿಂದ ತಂತಿ ಒರೆಸಿ, ಬೆವರಿನ ತೇವಕ್ಕೆ ತುಕ್ಕು ಹಿಡಿಯುತ್ತದೆ. ಕಮಾನಿನ ಕೂದಲು ಸಡಿಲ ಮಾಡಿ ಇಡಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲ ಇಡಿ, ಅದನ್ನು ಆಗಾಗ ಬದಲಿಸಿ. ವಾದ್ಯವನ್ನು ಒಲೆ ಹತ್ತಿರ ಒಣಗಿಸಲು ಇಡಲೇಬೇಡಿ. ಬಿಸಿಗೆ ಅಂಟು ಬಿಡುತ್ತದೆ, ಮರ ಬಾಯಿ ಬಿಡುತ್ತದೆ. ಸಣ್ಣ ಬಲ್ಬ್ ಹಾಕಿದ ಬೀರುವಿನ ಮೇಲಿನ ಹಲಗೆ ಸಾಕು, ಬಲ್ಬಿನ ಪಕ್ಕದಲ್ಲೇ ಬೇಡ.

ಮೃದಂಗದವರಿಗೆ ಇನ್ನೂ ಕಷ್ಟ. ತೇವಕ್ಕೆ ಚರ್ಮ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಕಲ್ಲು ಮತ್ತು ಮರದ ತುಂಡು ಹಿಡಿದು ಅಂಚು ಬಡಿದು ಏರಿಸುತ್ತಲೇ ಇರಬೇಕು. ಎಡಮುಖಕ್ಕೆ ಹಚ್ಚಿದ ರವೆಯನ್ನು ನುಡಿಸಿದ ಕೂಡಲೇ ಕೆರೆದು ಒರೆಸದಿದ್ದರೆ ಮಾರನೇ ದಿನ ಅಲ್ಲೇ ಬೂಷ್ಟು. ಆಗುವುದಾದರೆ ಮಳೆಗಾಲದ ಅಭ್ಯಾಸಕ್ಕೆ ಒಂದು ಹಳೆಯ ಮೃದಂಗ ಬೇರೆ ಇಟ್ಟುಕೊಳ್ಳಿ. ಇನ್ನು ಕರೆಂಟ್ ಹೋದರೆ ಫೋನ್ ಚಾರ್ಜ್ ಇರುವುದಿಲ್ಲ, ತಂಬೂರಿ ಆ್ಯಪ್ ಇರುವುದಿಲ್ಲ. ಗಾಳಿ ಒತ್ತುವ ಹಳೆ ಶ್ರುತಿಪೆಟ್ಟಿಗೆ ಅಟ್ಟದ ಮೇಲಿದ್ದರೆ ಇಳಿಸಿಕೊಳ್ಳಿ.

ಥಿಯರಿ ಓದುವ ರೀತಿ

ನನಗೆ ಅತ್ಯಂತ ಪ್ರೀತಿಯ ಭಾಗ ಇದು. ಇದಕ್ಕೆ ಹೆದರಿ ಕೋರ್ಸ್ ಬಿಟ್ಟವರನ್ನು ನೋಡಿದ್ದೇನೆ, ಅದಕ್ಕೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಸ್ವರಸ್ಥಾನದಿಂದ ಶುರು ಮಾಡೋಣ. ಪುಸ್ತಕದಲ್ಲಿ ಷಡ್ಜಕ್ಕೂ ಪಂಚಮಕ್ಕೂ 3:2 ಸಂಬಂಧ, ಮಧ್ಯಮಕ್ಕೆ 4:3, ತಾರಷಡ್ಜಕ್ಕೆ 2:1 ಅಂತ ಬರೆದಿರುತ್ತದೆ. ಇದನ್ನು ಬಾಯಿಪಾಠ ಮಾಡಬೇಡಿ, ಅಳೆಯಿರಿ. ಪಿಟೀಲಿನ ಮೇಲ್ಗಡೆಯ ಕಟ್ಟಿನಿಂದ ಕುದುರೆಯವರೆಗೆ ತಂತಿ ಎಷ್ಟಿದೆ ಅಂತ ಟೇಪ್ ಹಿಡಿದು ನೋಡಿ. 33 ಸೆಂ.ಮೀ. ಇದೆ ಅಂದುಕೊಳ್ಳಿ. ಅದರ ಅರ್ಧ, ಹದಿನಾರೂವರೆ ಸೆಂ.ಮೀ.ನಲ್ಲಿ ಬೆರಳಿಟ್ಟರೆ ಮೇಲಿನ ಷಡ್ಜ. ಮೂರರಲ್ಲಿ ಒಂದು ಭಾಗ, 11 ಸೆಂ.ಮೀ.ನಲ್ಲಿ ಪಂಚಮ. ನಾಲ್ಕರಲ್ಲಿ ಒಂದು ಭಾಗ, ಎಂಟೂಕಾಲರಲ್ಲಿ ಶುದ್ಧ ಮಧ್ಯಮ. ಪೆನ್ಸಿಲ್‌ನಲ್ಲಿ ಗುರುತು ಹಾಕಿ ನುಡಿಸಿ ನೋಡಿ. ವೀಣೆಯವರಿಗೆ ಇನ್ನೂ ಸುಲಭ, ಮೆಟ್ಟಿಲುಗಳು ಕಣ್ಣೆದುರೇ ಇವೆ, ಒಂದು ಸ್ಥಾಯಿಗೆ 12. ಹಾಡುವವರು ಗೆಳೆಯರ ವಾದ್ಯದ ಮೇಲೆ ಅಳೆಯಿರಿ. ಒಮ್ಮೆ ಕೈಯಾರೆ ಅಳೆದವರಿಗೆ ಈ ಪಾಠ ಮರೆಯುವುದಿಲ್ಲ.

ಆಮೇಲೆ 72 ಮೇಳಕರ್ತ, ಅಂದರೆ ಏಳೂ ಸ್ವರವಿರುವ ಮೂಲ ರಾಗಗಳು. ಪಟ್ಟಿ ನೋಡಿದರೆ ಎದೆ ಝಲ್ ಅನ್ನುತ್ತದೆ. ಪಟ್ಟಿಯನ್ನು ಮುಚ್ಚಿಡಿ. ಇಷ್ಟು ತಿಳಿದುಕೊಂಡರೆ ಸಾಕು: ಮೊದಲ 36ಕ್ಕೆ ಶುದ್ಧ ಮಧ್ಯಮ, ನಂತರದ 36ಕ್ಕೆ ಪ್ರತಿಮಧ್ಯಮ. ಆರಾರು ಮೇಳಕ್ಕೆ ಒಂದು ಚಕ್ರ. ಚಕ್ರ ಬದಲಾದರೆ ರಿ-ಗ ಬದಲಾಗುತ್ತದೆ, ಚಕ್ರದೊಳಗೆ ಮುಂದೆ ಹೋದರೆ ದ-ನಿ ಬದಲಾಗುತ್ತದೆ. ರಿ, ಗ, ದ, ನಿ ಒಂದೊಂದಕ್ಕೂ ಮೂರು ಬಗೆ. ರಿ-ಗ ಜೋಡಿಗಳು ಆರು: ಒಂದು-ಒಂದು, ಒಂದು-ಎರಡು, ಒಂದು-ಮೂರು, ಎರಡು-ಎರಡು, ಎರಡು-ಮೂರು, ಮೂರು-ಮೂರು. ದ-ನಿ ಜೋಡಿಗಳೂ ಇದೇ ಕ್ರಮದಲ್ಲಿ ಆರು.

ಸಂಖ್ಯೆ ಹೇಗೆ ಗೊತ್ತಾಗುತ್ತದೆ? ಹೆಸರಿನ ಮೊದಲ ಎರಡು ಅಕ್ಷರದಿಂದ. ಅದೇ ಕಟಪಯಾದಿ. ಕ, ಟ, ಪ, ಯ ಇವು ಒಂದು. ಅಲ್ಲಿಂದ ಅಕ್ಷರಮಾಲೆಯ ಕ್ರಮದಲ್ಲಿ ಎಣಿಸುತ್ತ ಹೋಗುವುದು. ನ ಮತ್ತು ಞ ಸೊನ್ನೆ. ಬಂದ ಅಂಕಿಗಳನ್ನು ತಿರುಗಿಸಿ ಬರೆಯಬೇಕು. ಧೀರಶಂಕರಾಭರಣದಲ್ಲಿ ಧ ಒಂಬತ್ತು, ರ ಎರಡು. ತಿರುಗಿಸಿದರೆ 29. ಈಗ ಲೆಕ್ಕ ಹಾಕಿ. 29 ಅಂದರೆ 36ರ ಒಳಗೆ, ಹಾಗಾಗಿ ಶುದ್ಧ ಮಧ್ಯಮ. ನಾಲ್ಕು ಚಕ್ರಕ್ಕೆ 24 ಮುಗಿಯಿತು, ಇದು ಐದನೇ ಚಕ್ರದ ಐದನೆಯದು. ಐದನೇ ಜೋಡಿ ಎರಡು-ಮೂರು. ಅಂದರೆ ಚತುಶ್ರುತಿ ರಿಷಭ, ಅಂತರ ಗಾಂಧಾರ, ಚತುಶ್ರುತಿ ಧೈವತ, ಕಾಕಲಿ ನಿಷಾದ. ಮೇಚಕಲ್ಯಾಣಿಯಲ್ಲಿ ಮ ಐದು, ಚ ಆರು, ತಿರುಗಿಸಿದರೆ 65. ಅದರಿಂದ 36 ಕಳೆದರೆ 29. ಶಂಕರಾಭರಣದ ಮಧ್ಯಮ ಒಂದನ್ನು ಬದಲಿಸಿದರೆ ಕಲ್ಯಾಣಿ ಅಂತ ಲೆಕ್ಕವೇ ಹೇಳಿತು. ಈಗ ಪೆನ್ನು ಕೆಳಗಿಟ್ಟು ಎರಡನ್ನೂ ಒಂದರ ಹಿಂದೆ ಒಂದು ಹಾಡಿ. ಆ ಒಂದು ಸ್ವರ ಮೇಲೇರಿದಾಗ ಇಡೀ ರಾಗದ ಬಣ್ಣ ಬದಲಾಗುವುದನ್ನು ಕೇಳಿ. ಲೆಕ್ಕ ಅಲ್ಲಿಗೆ ಸಂಗೀತವಾಯಿತು.

ದಿನಕ್ಕೊಂದು ಮೇಳದ ಆರೋಹಣ, ಅವರೋಹಣವನ್ನು ಹೀಗೆ ಲೆಕ್ಕ ಹಾಕಿ ಹಾಡಿ. ಮೂರು ತಿಂಗಳೊಳಗೆ ಒಂದು ಸುತ್ತು ಮುಗಿಯುತ್ತದೆ. ವಿವಾದಿ ಮೇಳಗಳು (ಒಂದಕ್ಕೊಂದು ತೀರಾ ಹತ್ತಿರದ ಸ್ವರಗಳಿರುವವು) ಮೊದಮೊದಲು ಬಾಯಿಗೆ ಬರುವುದಿಲ್ಲ. ಬಿಡಬೇಡಿ, ವಾದ್ಯದ ಸಹಾಯ ತೆಗೆದುಕೊಂಡು ಹಾಡಿ.

ಆದರೆ ಸ್ವರಪಟ್ಟಿಯೇ ರಾಗ ಅಲ್ಲ. ಇದನ್ನು ತಿಳಿಯಲು ಆರಭಿ ಮತ್ತು ದೇವಗಾಂಧಾರಿಗಿಂತ ಒಳ್ಳೆಯ ಜೋಡಿ ಇಲ್ಲ. ಎರಡಕ್ಕೂ ಆರೋಹಣ ಸ ರಿ ಮ ಪ ದ ಸ. ಅವರೋಹಣವೂ ಒಂದೇ. ಮೌಖಿಕ ಪರೀಕ್ಷೆಯಲ್ಲಿ "ಹಾಗಾದರೆ ವ್ಯತ್ಯಾಸ ಏನಮ್ಮಾ?" ಅಂತ ಕೇಳಿಯೇ ಕೇಳುತ್ತಾರೆ. ಪುಸ್ತಕದ ಸಾಲು ಒಪ್ಪಿಸುವವರು ಅಲ್ಲಿ ನಿಂತುಬಿಡುತ್ತಾರೆ. ಆರಭಿ ನೇರವಾಗಿ, ಚುರುಕಾಗಿ ನಡೆಯುತ್ತದೆ. ದೇವಗಾಂಧಾರಿ ಗಮಕದಲ್ಲಿ ತೂಗುತ್ತ ನಿಧಾನವಾಗಿ ಬರುತ್ತದೆ. ಇದನ್ನು ಎರಡೆರಡು ಸಾಲು ಹಾಡಿ ತೋರಿಸಿ. ಬಿಲಹರಿಯ ವಿಷಯವೂ ಹಾಗೇ. ಏರುವಾಗ ಮೋಹನದ ಸ್ವರಗಳು, ಇಳಿಯುವಾಗ ಶಂಕರಾಭರಣದವು. ಈ ಮೂರನ್ನು ಪಕ್ಕಪಕ್ಕ ಇಟ್ಟು ಹಾಡಿದರೆ ಲಕ್ಷಣ ಬರೆಯಲು ನೋಟ್ಸೇ ಬೇಡ. ನಿಮ್ಮ ಕಿವಿಗೆ ಬಿದ್ದದ್ದನ್ನು ನಿಮ್ಮ ಮಾತಿನಲ್ಲಿ ಬರೆಯಬಹುದು. ಅಂಥ ಉತ್ತರಕ್ಕೆ ಅಂಕವೂ ಚೆನ್ನಾಗಿ ಬರುತ್ತದೆ.

ಸ್ವರಲಿಪಿ ಬರೆಯುವುದನ್ನು ಮೊದಲ ತಿಂಗಳಿಂದಲೇ ರೂಢಿ ಮಾಡಿ. ಗುರುಗಳು ಹಾಡಿದ್ದನ್ನು ಕೇಳಿ ನೀವೇ ಬರೆಯಿರಿ, ಮುದ್ರಿತ ಪುಸ್ತಕದಿಂದ ನಕಲು ಬೇಡ. ಮೊದಲು ತಾಳದ ಗೆರೆ ಎಳೆದುಕೊಳ್ಳಿ. ಆದಿತಾಳಕ್ಕೆ ನಾಲ್ಕು, ಎರಡು, ಎರಡು ಅಕ್ಷರ. ಆಮೇಲೆ ಸಾಹಿತ್ಯ ಕೂರಿಸಿ, ಕೊನೆಗೆ ಸ್ವರ. ಬರೆದದ್ದನ್ನು ಒಂದು ವಾರ ಬಿಟ್ಟು, ಹಾಡನ್ನು ಕೇಳದೆ, ಲಿಪಿ ಮಾತ್ರ ನೋಡಿ ಹಾಡಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಬರೆದದ್ದು ಸರಿ ಇಲ್ಲ.

ಇತಿಹಾಸಕ್ಕೆ ನನ್ನ ಉಪಾಯ ಒಂದೇ. ಪ್ರತಿ ಹೆಸರಿನ ಜೊತೆ, ಇವತ್ತು ನೀವು ಹಾಡುವ ಒಂದು ವಿಷಯವನ್ನು ಕಟ್ಟಿ. ಪುರಂದರದಾಸರು 1484ರಿಂದ 1564 ಅಂತ ಓದಿದಾಗ ನಿಮ್ಮ ಸರಳೆ, ಜಂಟಿ ವರಸೆ ನೆನಪಾಗಲಿ. ರಾಗ ಎಂಬ ಮಾತಿಗೆ ಲಕ್ಷಣ ಕೊಟ್ಟವರು ಮತಂಗರು. 13ನೇ ಶತಮಾನದ ಶಾರ್ಙ್ಗದೇವರು, 1550ರ ಹೊತ್ತಿನ ರಾಮಾಮಾತ್ಯರು, 17ನೇ ಶತಮಾನದ ವೆಂಕಟಮಖಿ, ಇವರೂ ಸಂಗೀತಶಾಸ್ತ್ರ ಬರೆದವರು. ಈ ಕೊನೆಯವರ ಹೆಸರಿನ ಮುಂದೆ ನಿಮ್ಮ 72ರ ಲೆಕ್ಕ ಬರೆಯಿರಿ. ಶ್ಯಾಮಾಶಾಸ್ತ್ರಿ, ತ್ಯಾಗರಾಜರು, ಮುತ್ತುಸ್ವಾಮಿ ದೀಕ್ಷಿತರು, ಸಂಗೀತದ ತ್ರಿಮೂರ್ತಿಗಳು ಅನ್ನುವುದು ಇವರನ್ನೇ. ಮೂವರೂ ತಿರುವಾರೂರಿನಲ್ಲಿ ಹುಟ್ಟಿದವರು, ಮೂವರ ಕಾಲವೂ 1762ರಿಂದ 1847ರೊಳಗೆ ಬಂತು. ಒಂದೇ ರಾಗದಲ್ಲಿ ಮೂವರ ಒಂದೊಂದು ಕೃತಿ ಹಾಡಿ ನೋಡಿ, ಶೈಲಿಯ ಪ್ರಶ್ನೆಗೆ ಉತ್ತರ ತಾನಾಗಿಯೇ ಸಿಗುತ್ತದೆ.

ಮೈಸೂರಿನವರನ್ನು ಬಿಡಲೇಬೇಡಿ. ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯ, ಜಯಚಾಮರಾಜ ಒಡೆಯರ್ ಎಲ್ಲ ನೀವು ಓದುವ ಊರಿನವರೇ. ಪಿಟೀಲು ಚೌಡಯ್ಯನವರು ಮೈಕ್ ಇಲ್ಲದ ಕಾಲದಲ್ಲಿ ದನಿ ದೂರಕ್ಕೆ ಕೇಳಬೇಕೆಂದು ಏಳು ತಂತಿಯ ಪಿಟೀಲು ಮಾಡಿಕೊಂಡರು. ಇಂಥ ಕಾರಣ ಗೊತ್ತಿದ್ದರೆ ಇಸವಿ ತಾನೇ ನೆನಪಿರುತ್ತದೆ.

ಹಾಸ್ಟೆಲ್, ಅಭ್ಯಾಸ, ಕಛೇರಿ

ತೋಟದ ಮನೆಯಲ್ಲಿ ಬೆಳೆದವರಿಗೆ ಎಷ್ಟು ಗಟ್ಟಿಯಾಗಿ ಹಾಡಿದರೂ ಕೇಳುವವರಿಲ್ಲ. ಹಾಸ್ಟೆಲ್‌ನಲ್ಲಿ ಪಕ್ಕದ ಹಾಸಿಗೆಯವಳಿಗೆ ಮರುದಿನ ಅರ್ಥಶಾಸ್ತ್ರದ ಟೆಸ್ಟ್ ಇರುತ್ತದೆ. ಬೆಳಿಗ್ಗೆ ಕಾಲೇಜು ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ಖಾಲಿ ಕೋಣೆ ಹಿಡಿಯಿರಿ. ಕಾವಲುಗಾರರನ್ನು ಪರಿಚಯ ಮಾಡಿಕೊಳ್ಳಿ. ಪಿಟೀಲಿನವರು ಕುದುರೆಗೆ ಮ್ಯೂಟ್ ಹಾಕಿ ರಾತ್ರಿಯೂ ಬೆರಳಿನ ಕೆಲಸ ಮಾಡಬಹುದು. ಅಭ್ಯಾಸದ ಹೊತ್ತನ್ನು ಒಡೆದು ಇಟ್ಟುಕೊಳ್ಳಿ. ಮೊದಲು ನಿಧಾನದ ಸ್ವರಸಾಧನೆ, ಆಮೇಲೆ ಹೊಸ ಪಾಠ, ಕೊನೆಗೆ ಹಳೆಯದರಲ್ಲಿ ಒಂದು. ಹಳೆಯದನ್ನು ಬಿಟ್ಟವರಿಗೆ ಕೊನೆಯ ವರ್ಷ ತುಂಬ ಭಾರವಾಗುತ್ತದೆ.

ಮೈಸೂರಿಗೆ ಹೋಗಿ ಕಛೇರಿ ಕೇಳದೆ ಬಂದರೆ ಅರ್ಧ ಓದು ನಷ್ಟ. ಒಂಟಿಕೊಪ್ಪಲಿನ ಎಂಟನೇ ಕ್ರಾಸ್ ಗಣೇಶೋತ್ಸವ, ದಸರೆಯ ಅರಮನೆ ಕಛೇರಿ, ಕುವೆಂಪುನಗರದ ವೀಣೆ ಶೇಷಣ್ಣ ಭವನದಲ್ಲಿ ಗಾನಭಾರತಿ ಸಂಸ್ಥೆಯವರು ನಡೆಸುವ ಕಛೇರಿಗಳು. ಹೋಗುವಾಗ ಪುಟ್ಟ ನೋಟ್‌ಬುಕ್ ಇರಲಿ. ರಾಗ, ತಾಳ, ರಚಿಸಿದವರು, ಎಲ್ಲಿಂದ ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದು) ತೆಗೆದುಕೊಂಡರು, ತನಿ ಆವರ್ತನ (ಮೃದಂಗದವರೇ ನುಡಿಸುವ ಭಾಗ) ಎಷ್ಟು ಹೊತ್ತು, ಎಲ್ಲ ಬರೆಯಿರಿ. ರಾಗ ಹೆಸರಿಸಲು ಆಗಲಿಲ್ಲವೆಂದರೆ ಹಿಡಿದ ಒಂದು ಸಂಚಾರ (ಸ್ವರಗಳ ಓಟ) ಬರೆದುಕೊಂಡು ಬಂದು ಮೇಷ್ಟ್ರನ್ನು ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡುತ್ತ ಕೂರುವವರು ಕೇಳುವುದನ್ನೇ ಮರೆಯುತ್ತಾರೆ.

ನಮ್ಮೂರಿನ ಹಾಡು ನಿಮ್ಮ ಪ್ರಾಜೆಕ್ಟ್ ಆಗಲಿ

ಕೊನೆಯ ವರ್ಷ ಪ್ರಾಜೆಕ್ಟ್ ಅಥವಾ ಪ್ರಬಂಧ ಬರೆಯಲು ಹೇಳಿದಾಗ ಎಲ್ಲರೂ ತ್ರಿಮೂರ್ತಿಗಳ ಮೇಲೆಯೇ ಬರೆಯುತ್ತಾರೆ. ಕೊಡಗಿನವರಿಗೆ ಮನೆ ಬಾಗಿಲಲ್ಲೇ ವಿಷಯ ಇದೆ. ನಾಲ್ವರು ದುಡಿ (ಪುಟ್ಟ ಚರ್ಮವಾದ್ಯ) ಬಡಿಯುತ್ತ ಹಾಡುವ ದುಡಿಕೊಟ್ಟ್ ಪಾಟ್, ಸುಗ್ಗಿ ಹಬ್ಬ ಪುತ್ತರಿಯ ಹಾಡುಗಳು, ಮದುವೆ ಮನೆಯ ವಾಲಗ, ಕೊಂಬು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಹೊರತಂದ 'ಪಟ್ಟೋಲೆ ಪಳಮೆ'ಯಲ್ಲಿ ಹಾಡುಗಳ ಸಾಹಿತ್ಯ ಸಿಗುತ್ತದೆ. ಧಾಟಿ ಬೇಕೆಂದರೆ ಹಾಡುವವರ ಹತ್ತಿರವೇ ಹೋಗಬೇಕು.

ಹೋಗುವಾಗ ಕೆಲವು ವಿಷಯ ಗಮನದಲ್ಲಿರಲಿ. ಮೊದಲು ಒಪ್ಪಿಗೆ ಕೇಳಿ, ಆಮೇಲೆ ರೆಕಾರ್ಡ್ ಮಾಡಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ, ಅದನ್ನು ನೋಡಿಕೊಂಡು ಹೋಗಿ. ಹಾಡನ್ನು ಕೇಳಿದ ಕೂಡಲೇ ಇದು ಇಂಥ ರಾಗ ಅಂತ ಹಣೆಪಟ್ಟಿ ಹಚ್ಚಬೇಡಿ. ಅವರ ಷಡ್ಜ ಎಲ್ಲಿದೆ ಅಂತ ಮೊದಲು ಹುಡುಕಿ, ಬಳಸುವ ಸ್ವರಗಳನ್ನು ಮಾತ್ರ ಬರೆಯಿರಿ. ದುಡಿಯ ಪೆಟ್ಟನ್ನು ಬೇರೆ ಸಾಲಿನಲ್ಲಿ ಬರೆದು, ಹಾಡಿನ ಒತ್ತು ಎಲ್ಲಿ ಅದರ ಮೇಲೆ ಬೀಳುತ್ತದೆ, ಎಲ್ಲಿ ತಪ್ಪಿಸಿಕೊಳ್ಳುತ್ತದೆ ಅಂತ ಗುರುತು ಮಾಡಿ. ವಾಲಗ ನುಡಿಸುವ ಮೇದರಂಥ ಸಮುದಾಯಗಳ ಕಲಾವಿದರನ್ನು "ವಾದ್ಯದವರು" ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ. ಅವರು ಒಪ್ಪಿದರೆ ಹೆಸರು, ಊರು, ಯಾರಿಂದ ಕಲಿತರು ಎಲ್ಲ ಬರೆಯಿರಿ. ತಿದ್ದಿದ ಪ್ರತಿಯನ್ನು ಅವರಿಗೂ ಒಂದು ಕೊಡಿ. ಈ ಕೆಲಸ ಚೆನ್ನಾಗಿ ಆಗಬೇಕು ಅಂತ ನನಗೆ ತುಂಬಾ ಆಸೆ ಇದೆ, ಹಾಡುವ ಹಿರಿಯರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ.

ಪರೀಕ್ಷೆ ಮತ್ತು ಕೊನೆಯ ಕಛೇರಿ

ಪ್ರಾಕ್ಟಿಕಲ್ ಪರೀಕ್ಷೆಗೆ ಇಡೀ ಪಟ್ಟಿಯಲ್ಲಿ ಯಾವುದನ್ನಾದರೂ ಕೇಳಬಹುದು. ಹಾಡುಗಳ ಹೆಸರು ಬರೆದ ಚೀಟಿಗಳನ್ನು ಡಬ್ಬದಲ್ಲಿ ಹಾಕಿ, ಗೆಳತಿಯ ಕೈಯಿಂದ ಎತ್ತಿಸಿ, ಎತ್ತಿದ್ದನ್ನು ತಕ್ಷಣ ಹಾಡಿ. ಹಾಡಿದ ಮೇಲೆ ಅವಳು ಆ ರಾಗದ ಮೇಳ, ತಾಳದ ಅಂಗ, ರಚನಕಾರರ ಅಂಕಿತ ಕೇಳಲಿ. ಪ್ರಾಕ್ಟಿಕಲ್, ಥಿಯರಿ ಎರಡೂ ಒಟ್ಟಿಗೆ ಆಯಿತು. ಉತ್ತರ ಗೊತ್ತಿಲ್ಲದಿದ್ದರೆ ಮೌಖಿಕದಲ್ಲಿ ಸುಮ್ಮನೆ ಕೂರಬೇಡಿ. "ಹಾಡಿ ನೋಡಿ ಹೇಳಲಾ?" ಅಂತ ಕೇಳಿ. ಎಷ್ಟೋ ಸಲ ಬಾಯಿಗೆ ಗೊತ್ತಿರುತ್ತದೆ.

ಕೊನೆಯ ವರ್ಷದ ಕಛೇರಿಗೆ ಪಟ್ಟಿ ಮಾಡುವಾಗ ವರ್ಣದಿಂದ ಶುರು ಮಾಡಿ. ಆಮೇಲೆ ಚಿಕ್ಕದೊಂದು ಚುರುಕಾದ ಕೃತಿ, ನಂತರ ರಾಗಾಲಾಪನೆ ಇರುವ ಮುಖ್ಯ ಕೃತಿ, ದೇವರನಾಮ, ಮಂಗಳ. ಅಕ್ಕಪಕ್ಕದ ಎರಡು ಹಾಡಿಗೆ ಒಂದೇ ತಾಳ ಬೇಡ, ಹತ್ತಿರದ ರಾಗಗಳೂ ಬೇಡ. ಮುಖ್ಯ ಕೃತಿಗೆ ಹೊಸದಾಗಿ ಕಲಿತದ್ದನ್ನು ಇಡಬೇಡಿ, ಮೊದಲ ವರ್ಷದಿಂದ ನಿಮ್ಮ ಜೊತೆ ಬೆಳೆದದ್ದನ್ನು ಇಡಿ. ಮೃದಂಗದವರಿಗೆ ಒಂದು ವಾರ ಮುಂಚೆ ಪಟ್ಟಿ ಕೊಡಿ. ಪ್ರತಿ ಹಾಡಿನ ಎದುರು ತಾಳ, ಹಾಡು ತಾಳದ ಎಲ್ಲಿಂದ ಎತ್ತುತ್ತದೆ, ನೆರವಲ್ ಸಾಲು ಯಾವುದು, ತನಿ ಎಲ್ಲಿ ಬಿಡುತ್ತೀರಿ ಅಂತ ಬರೆದಿರಲಿ. ನಿಮ್ಮ ಶ್ರುತಿಯನ್ನು ಪಟ್ಟಿಯ ಮೇಲ್ಗಡೆ ದೊಡ್ಡದಾಗಿ ಬರೆಯಿರಿ. ಅವರು ಅದಕ್ಕೆ ಸರಿಯಾದ ಮೃದಂಗ ಹೊತ್ತು ತರಬೇಕು.